ಮನೆಯಂಗಳದ ಮದುವೆ: ಒಂದು ಕಿರ್ದಿ ಪುಸ್ತಕ ಹೇಳುವ ಚರಿತ್ರೆ

ನನ್ನ ತರಗತಿಯಲ್ಲಿ ಕುಳಿತು ಸಮಾಜ ವಿಜ್ಞಾನ ಕಲಿತವರಿಗೆ ‘ಇತಿಹಾಸದ ಆಧಾರಗಳು’ ಎಂಬ ಪಾಠ ನೆನಪಿರಬಹುದು. ಸಾಹಿತ್ಯಾಧಾರ, ಪುರಾತತ್ತ್ವ ಆಧಾರ ಎಂದು ಕಪ್ಪುಹಲಗೆಯ ಮೇಲೆ ಕವಲು ಬಿಡಿಸಿ, ಅದರ ಕೆಳಗೆ ಹಲ್ಮಿಡಿ ಶಾಸನ, ಐಹೊಳೆ ಶಾಸನ, ನಾಣ್ಯ, ಸ್ಮಾರಕ ಎಂದು ಬರೆಸುತ್ತಿದ್ದೆ. “ಸಾರ್, ನಮ್ಮ ಮನೆಯಲ್ಲಿಯೂ ಆಧಾರ ಏನಾದರೂ ಇರಬಹುದೇ?” ಎಂದು ಯಾರಾದರೊಬ್ಬರು ಕೇಳದೆ ಬಿಡುತ್ತಿರಲಿಲ್ಲ. “ಹುಡುಕಿ ನೋಡಿ” ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನಾನಂತೂ ಹುಡುಕಿರಲಿಲ್ಲ. ನಿವೃತ್ತನಾದ ಮೇಲೆ, ತಮ್ಮನ ಮಗಳ ಮದುವೆಯ ದೆಸೆಯಿಂದ, ನಮ್ಮ ಮೂಲಮನೆಯ ಅಟ್ಟದಲ್ಲಿಯೇ ಅಂಥದೊಂದು ಆಧಾರ ದೊರಕಿತು. ಅದರ ಕಥೆಯನ್ನೇ ಇಂದು ಬರೆಯಬೇಕೆಂದಿದ್ದೇನೆ.

ನಮ್ಮದು ತೀರ್ಥಹಳ್ಳಿ ಸೀಮೆಯ ಐದು ಮನೆಗಳ ಒಂದು ಹಳ್ಳಿ. 2025ರ ಸಂಕ್ರಾಂತಿಗೆ ಎಲ್ಲರೂ ಮನೆಯಲ್ಲಿ ಸೇರಿದ್ದಾಗ ತಮ್ಮನ ಮಗಳು, “ದೊಡ್ಡಪ್ಪ, ನನಗೆ ಕಲ್ಯಾಣ ಮಂಟಪ ಬೇಡ. ಮದುವೆ ನಮ್ಮ ಅಂಗಳದಲ್ಲೇ ಆಗಬೇಕು” ಎಂದು ಹಟ ಹಿಡಿದಳು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹುಡುಗಿ. ಅವಳ ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಒಳಗೊಳಗೇ ಸಂತೋಷವಾಯಿತು. ಆ ಅಂಗಳದಲ್ಲಿ ಕೊನೆಯದಾಗಿ ಧಾರೆಯಾದದ್ದು 1968ರ ಮೇ ತಿಂಗಳಲ್ಲಿ, ನನ್ನ ಅಕ್ಕನಿಗೆ. ನನಗಾಗ ಎಂಟು ವರ್ಷ. ಅನಂತರದ ಮದುವೆಗಳೆಲ್ಲ ಪೇಟೆಯ ಮಂಟಪಗಳಲ್ಲಿ ನಡೆದವು. ‘ಹಿಂದೆ ಹೇಗೆ ಮಾಡಿದ್ದರು ನೋಡೋಣ’ ಎಂದು ಅಟ್ಟ ಹತ್ತಿ ಅಪ್ಪಯ್ಯನ ಕಾಗದದ ಪೆಟ್ಟಿಗೆಯನ್ನು ತೆರೆದೆ. ಕೆಂಪು ಬಟ್ಟೆಯ ಹೊದಿಕೆಯ, ಅಂಚನ್ನು ಇಲಿ ತಿಂದ ಕಿರ್ದಿ ಪುಸ್ತಕ ಸಿಕ್ಕಿತು. ಮೊದಲ ಪುಟದಲ್ಲಿ ‘ಶ್ರೀ’ಕಾರ, ಕೆಳಗೆ ‘ಕೀಲಕ ಸಂವತ್ಸರದ ವೈಶಾಖ ಮಾಸ, ಮಗಳ ವಿವಾಹದ ಲೆಕ್ಕ’ ಎಂದು ಅಪ್ಪಯ್ಯನ ದುಂಡು ಅಕ್ಷರ. ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಹನ್ನೊಂದು ವರ್ಷ ಕಳೆದಿದ್ದರೂ ಅಪ್ಪಯ್ಯ ಪೈಸೆಯ ಪಕ್ಕದಲ್ಲಿ ಕಂಸದೊಳಗೆ ಆಣೆಯ ಲೆಕ್ಕವನ್ನೂ ಬರೆದಿದ್ದರು. ಹೊಸದನ್ನು ಒಪ್ಪಿಕೊಂಡು ಹಳೆಯದನ್ನು ಬಿಡದ ಸ್ವಭಾವ ಅವರದು.

ಮಲೆನಾಡಿನಲ್ಲಿ ಮದುವೆಗಳೆಲ್ಲ ಬೇಸಿಗೆಯಲ್ಲಿಯೇ ಏಕೆ ಎಂದು ಪೇಟೆಯಲ್ಲಿ ಬೆಳೆದ ಮಕ್ಕಳು ಕೇಳುವುದುಂಟು. ಶಾಸ್ತ್ರದ ಉತ್ತರ ಸುಲಭ. ಆಷಾಢದಲ್ಲಿ ಮದುವೆಯಿಲ್ಲ, ಗುರು ಶುಕ್ರರು ಅಸ್ತರಾದಾಗ ಇಲ್ಲ, ಅಧಿಕ ಮಾಸದಲ್ಲಿ ಇಲ್ಲ. 1961, 1980, 1999, 2018 ಹೀಗೆ ಹತ್ತೊಂಬತ್ತು ವರ್ಷಕ್ಕೊಮ್ಮೆ ಅಧಿಕ ಜ್ಯೇಷ್ಠ ಮರಳಿ ಬಂದು, ನಡುವೆಯೂ ಒಮ್ಮೊಮ್ಮೆ ಇಣುಕಿ, ಮೇ ತಿಂಗಳ ಉತ್ತರಾರ್ಧವನ್ನೇ ನುಂಗಿಬಿಡುತ್ತದೆ. ಆದರೆ ಶಾಸ್ತ್ರಕ್ಕಿಂತ ಬಲವಾದ ಕಾರಣಗಳು ನೆಲದಲ್ಲಿದ್ದವು. ಅಡಿಕೆ ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಅಡಿಕೆ ಮಂಡಿಗೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಆಡುತ್ತಿದ್ದುದು ಯುಗಾದಿಯ ಹೊತ್ತಿಗೆ. ಗದ್ದೆಯ ಕೆಲಸ ಮತ್ತೆ ತೊಡಗುವುದು ರೋಹಿಣಿ, ಮೃಗಶಿರೆಯಲ್ಲಿ. ನಡುವಿನ ಎರಡು ತಿಂಗಳು ಆಳುಕಾಳಿಗೆ ಬಿಡುವು. ಹೊಳೆಹಳ್ಳಗಳು ಇಳಿದು ದಿಬ್ಬಣದ ಗಾಡಿಗಳು ದಾಟುವಂತಾಗುತ್ತಿದ್ದುದೂ ಆಗಲೇ. ಏಪ್ರಿಲ್ 10ರ ಫಲಿತಾಂಶದ ಮೇಲೆ ಶಾಲೆಗೆ ರಜೆ. ಮಕ್ಕಳು ಓಡಾಡಿ ಕೆಲಸ ಮಾಡುತ್ತಾರೆ. ಹಲಸು ಮಾವುಗಳೂ ಕೈಗೆಟಕುತ್ತವೆ. ಇಷ್ಟೆಲ್ಲ ಅನುಕೂಲಗಳ ಎದುರಿಗೆ ಇದ್ದ ಒಂದೇ ಶತ್ರುವೆಂದರೆ ಮಳೆ.

ಕಿರ್ದಿಯ ಮೊದಲ ಪುಟಗಳಲ್ಲಿ ಹಣದ ಲೆಕ್ಕವೇ ಇಲ್ಲ. ಅಲ್ಲಿರುವುದು ತೋಟದ ಲೆಕ್ಕ. ಇದನ್ನು ನೋಡಿ ನಾನು ಬೆರಗಾದೆ. ಅಕ್ಕನಿಗೆ ವರ ಗೊತ್ತಾದದ್ದು ಮಾಘ ಮಾಸದಲ್ಲಿ. ಆದರೆ ಅದಕ್ಕೂ ಮುಂಚಿನ ಮಳೆಗಾಲದಲ್ಲಿಯೇ ‘ಬಾಳೆ ಹೆಚ್ಚಿಗೆ 40 ಬುಡ’ ಎಂದು ಬರೆದಿದೆ. ಬಾಳೆ ನೆಟ್ಟು ಗೊನೆ ಕಡಿಯಲು ಸುಮಾರು ಒಂದು ವರ್ಷ ಬೇಕು. ಅಳಿಯ ಯಾರೆಂದು ತಿಳಿಯುವ ಮೊದಲೇ ಅಳಿಯನ ಊಟದ ಎಲೆ ತೋಟದಲ್ಲಿ ಬೆಳೆಯತೊಡಗಿತ್ತು! ಬೂದುಗುಂಬಳ, ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದ ಲೆಕ್ಕವಿದೆ. ಅವು ತಿಂಗಳುಗಟ್ಟಲೆ ಕೆಡುವುದಿಲ್ಲ. ಅಡಿಕೆ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿಗಳಲ್ಲಿ ಯಾವುವನ್ನು ಕೊಯ್ಯದೆ ಬಿಡಬೇಕು ಎಂಬ ಸೂಚನೆಯೂ ಇದೆ.

ಅಂಗಳದ ಅಂಚಿನ ಹೂಗಿಡಗಳು ಅಮ್ಮನ ಪಾಲಿನವು. ದುಂಡುಮಲ್ಲಿಗೆಯನ್ನು ಧನುರ್ಮಾಸದಲ್ಲಿ ಸವರಿ, ಬುಡಕ್ಕೆ ಗೊಬ್ಬರ ಕೊಟ್ಟು ನೀರೆರೆದರೆ ಬೇಸಿಗೆಯಲ್ಲಿ ಮೈತುಂಬ ಮೊಗ್ಗು ಕಟ್ಟುತ್ತದೆ. ತಡವಾಗಿ ಸವರಿದರೆ ಹೂವೂ ತಡ. ಅಮ್ಮನಿಗೆ ಓದು ಬರಹ ಹೆಚ್ಚು ತಿಳಿಯದು. ಆದರೆ ಮುಹೂರ್ತದಿಂದ ಹಿಂದಕ್ಕೆ ತಿಂಗಳುಗಳನ್ನು ಎಣಿಸಿ ಕತ್ತರಿಯಾಡಿಸುವ ಲೆಕ್ಕ ಅವರ ಬೆರಳ ತುದಿಯಲ್ಲಿತ್ತು. ಅಡಿಕೆ ದಂಬೆಯಲ್ಲಿ ಹರಿದುಬರುವ ಅಬ್ಬಿ ನೀರು ಮಾರ್ಚ್ ಕೊನೆಗೆ ಸಣ್ಣಗಾಗುತ್ತಿತ್ತು. ಪಾತ್ರೆ ತೊಳೆದ ನೀರನ್ನು ಚೆಲ್ಲದೆ ಕನಕಾಂಬರದ ಮಡಿಗೆ ಹೊತ್ತು ಹಾಕುವ ಕೆಲಸ ನನ್ನದಾಗಿತ್ತು. ಕಾಯಿತುರಿ ತಿಂದರೆ ಮದುವೆಯ ದಿನ ಮಳೆ ಬರುತ್ತದೆ ಎಂಬ ಮಾತು ನಿಮಗೆಲ್ಲ ಗೊತ್ತಿದೆಯಲ್ಲ? ಅಕ್ಕ ತುರಿಮಣೆಯ ಹತ್ತಿರ ಸುಳಿದರೆ ಸಾಕು, ಮನೆಯವರೆಲ್ಲ ಗದರುತ್ತಿದ್ದರು. ಅವಳು ತಿನ್ನುತ್ತಿದ್ದಳೆಂಬುದಕ್ಕೆ ನಾನೇ ಪ್ರತ್ಯಕ್ಷಸಾಕ್ಷಿ.

ಇನ್ನು ಚಪ್ಪರ. ಇದೇ ವಸ್ತುವನ್ನು ಉತ್ತರ ಕರ್ನಾಟಕದಲ್ಲಿ ಹಂದರ ಎನ್ನುತ್ತಾರೆ. ಹಳಗನ್ನಡದ ‘ಪಂದರ್’ ಎಂಬುದೇ ಪಕಾರ ಹಕಾರವಾಗಿ ‘ಹಂದರ’ವಾಯಿತು, ತಮಿಳರ ‘ಪಂದಲ್’ ಅದರ ಒಡಹುಟ್ಟು. ಮದುವೆಗೆ ನೆರಳು ಕಟ್ಟುವ ಪದ್ಧತಿ ಈ ಭಾಷೆಗಳಷ್ಟೇ ಹಳೆಯದಿರಬೇಕು. ಕಟ್ಟುವ ಸಾಮಗ್ರಿ ಮಾತ್ರ ಆಯಾ ನೆಲದ್ದು. ಕರಾವಳಿಯಲ್ಲಿ ಹೆಣೆದ ತೆಂಗಿನ ಮಡಲು. ಮೈಸೂರು ಸೀಮೆಯಲ್ಲಿ ತೆಂಗಿನ ಗರಿ, ಹೊಂಗೆ ಮತ್ತು ನೇರಳೆ ಸೊಪ್ಪು. ನಮ್ಮಲ್ಲಿ ಅಡಿಕೆ ಮರದ ಕಂಬ, ಸೀಳಿದ ದಬ್ಬೆ, ಮೇಲೆ ಸೋಗೆ. ಚಪ್ಪರಕ್ಕೂ ಮೊದಲು ಅಂಗಳ. ಹುಲ್ಲು ಕೆತ್ತಿ, ತಗ್ಗುಗಳಿಗೆ ಕೆಮ್ಮಣ್ಣು ತುಂಬಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು, ಒಣಗಿದ ಮೇಲೆ ಸಗಣಿಯಿಂದ ಸಾರಿಸಬೇಕು. ಹೀಗೆ ಒಂದು ವಾರ ಬಡಿದ ಅಂಗಳ ಕಲ್ಲಿನಂತಾಗುತ್ತದೆ. ಆದರೆ ನಡುವೆ ಒಂದೇ ಒಂದು ಜೋರು ಮಳೆ ಬಂದರೆ ಮಾಡಿದ್ದೆಲ್ಲ ಕೆಸರು. ಮತ್ತೆ ಮೊದಲಿನಿಂದ ತೊಡಗಬೇಕು. 1968ರಲ್ಲಿ ಅಂಗಳವನ್ನು ಎರಡು ಸಲ ಬಡಿದದ್ದು ಕಿರ್ದಿಯಲ್ಲಿ ದಾಖಲಾಗಿದೆ.

ಮಳೆಯ ವಿಚಾರದಲ್ಲಿ ಹಿರಿಯರಿಗೆ ಇದ್ದ ಕೈಪಿಡಿಯೆಂದರೆ ನಕ್ಷತ್ರಗಳು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು ಹದಿಮೂರೂವರೆ ದಿನ ಇರುತ್ತಾನೆ. ಏಪ್ರಿಲ್ ನಡುವಿಗೆ ಅಶ್ವಿನಿ, ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಸುಮಾರಿಗೆ ರೋಹಿಣಿ, ಜೂನ್ ಮೊದಲ ವಾರ ಕಳೆಯುವಾಗ ಮೃಗಶಿರೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ರೈತನಿಗೆ ಹಿತ. ಅದೇ ಭರಣಿಯಲ್ಲಿ ಮಗಳ ಮದುವೆ ಇಟ್ಟುಕೊಂಡ ರೈತನಿಗೆ? ಒಂದೇ ಮಳೆಯನ್ನು ಅವನು ಬೇಡಿಕೊಳ್ಳಲೂಬೇಕು, ಬೇಡವೆನ್ನಲೂಬೇಕು!

ಈ ಮುಂಗಾರುಪೂರ್ವ ಮಳೆಗೆ ಒಂದು ಕ್ರಮವಿದೆ. ಬೆಳಗಿನಿಂದ ಕಾದ ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಸಮುದ್ರದ ಕಡೆಯಿಂದ ಬಂದ ತೇವ ಅದಕ್ಕೆ ಸೇರಿ ಮಧ್ಯಾಹ್ನದ ಅನಂತರ ಬೆಟ್ಟಗಳ ಮೇಲೆ ಎತ್ತರದ ಮೋಡವಾಗಿ ನಿಲ್ಲುತ್ತದೆ. ಮೇಲುಗಾಳಿ ಅದನ್ನು ಪೂರ್ವದಿಂದ ಪಶ್ಚಿಮಕ್ಕೆ ದೂಡುತ್ತದೆ. ಹೀಗಾಗಿ ಬೇಸಿಗೆಯ ಗುಡುಗು ಮೂಡಣದಲ್ಲಿ ಕೇಳಿಸುತ್ತದೆ, ಮಳೆ ಸಾಧಾರಣವಾಗಿ ಮೂರು ಗಂಟೆಯ ಮೇಲೆ ಬೀಳುತ್ತದೆ. ನಿಜವಾದ ಮುಂಗಾರು ಪಡುವಣದಿಂದ ಬರುತ್ತದೆ. ಅದಕ್ಕೆ ಹಗಲು ರಾತ್ರಿಯ ಭೇದವಿಲ್ಲ. ‘ಬೆಳಗಿನ ಲಗ್ನ, ಎರಡು ಗಂಟೆಯೊಳಗೆ ಕಡೆಯ ಪಂಕ್ತಿ’ ಎಂದು ಹಿರಿಯರು ಹೇಳುತ್ತಿದ್ದುದರಲ್ಲಿ ಶಾಸ್ತ್ರದ ಜೊತೆಗೆ ಈ ಅನುಭವವೂ ಬೆರೆತಿತ್ತು.

ಆದರೆ ಅನುಭವಕ್ಕೂ ಒಂದು ಮಿತಿಯಿದೆ. ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದರ ದಾಖಲೆಯಂತೆ ಕೇರಳಕ್ಕೆ ಮುಂಗಾರು ಕಾಲಿಡುವ ಸಾಧಾರಣ ದಿನ ಜೂನ್ 1. ಆದರೆ 1918ರಲ್ಲಿ ಅದು ಮೇ 11ಕ್ಕೇ ಬಂದಿತ್ತು. 1972ರಲ್ಲಿ ಜೂನ್ 18ರವರೆಗೆ ಕಾಯಿಸಿತ್ತು. ಐದು ವಾರಗಳಿಗೂ ಮೀರಿದ ಈ ಅಂತರದೊಳಗೇ ನಮ್ಮ ವೈಶಾಖ ಜ್ಯೇಷ್ಠಗಳ ಮದುವೆಗಳೆಲ್ಲ ಸಿಕ್ಕಿಕೊಂಡಿವೆ. ರೈತರಿಗಾಗಿ ಆಕಾಶವಾಣಿಯಲ್ಲಿ ಹವಾಮಾನ ವಾರ್ತೆ 1945ರಿಂದಲೇ ಇತ್ತಾದರೂ ನಮ್ಮ ಮನೆಗೆ ರೇಡಿಯೋ ಬಂದದ್ದು 1970ರ ಅನಂತರ. 1968ರಲ್ಲಿ ಅಪ್ಪಯ್ಯನಿಗೆ ಇದ್ದದ್ದು ಪಂಚಾಂಗ, ಮೊಟ್ಟೆ ಹೊತ್ತು ಸಾಗುವ ಇರುವೆಯ ಸಾಲು, ಮತ್ತು ಮೂಡಣದ ಗುಡುಗಿಗೆ ತೆರೆದಿಟ್ಟ ಕಿವಿ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಧಾರೆ ನಿರ್ವಿಘ್ನವಾಗಿ ಮುಗಿಯಿತು. ದಿಬ್ಬಣ ಬರುವುದೇ ತಡವಾಗಿದ್ದರಿಂದ ಎರಡನೆಯ ಪಂಕ್ತಿ ಕುಳಿತಾಗ ಮೂರು ಗಂಟೆಯಾಗಿತ್ತು. ಹುಳಿ ಬಡಿಸುತ್ತಿದ್ದರು. ಬಿಸಿಲು ಒಮ್ಮೆಲೇ ಮಂಕಾಯಿತು. ಮರಗಳು ಅಲುಗದೆ ನಿಂತವು. ಅನಂತರ ಗಾಳಿ. ಸೋಗೆಯ ಚಪ್ಪರ ನೆರಳಿಗೆ ಕಟ್ಟಿದ್ದೇ ಹೊರತು ಮಳೆಗಲ್ಲ. ಅದೇ ಸೋಗೆಯನ್ನು ಮನೆಯ ಮಾಡಿಗೆ ಕಡಿದಾಗಿ ಹೊದಿಸಿದರೆ ನೀರು ಜಾರಿ ಹೋಗುತ್ತದೆ; ಚಪ್ಪರದಂತೆ ಮಟ್ಟಸವಾಗಿ ಹಾಸಿದರೆ ನೀರು ನಿಂತು, ಭಾರವಾಗಿ, ಒಮ್ಮೆಗೇ ಕುಸಿಯುತ್ತದೆ. ಪಡುವಣದ ಸಾಲಿನ ಕಂಬಗಳು ವಾಲತೊಡಗಿದವು. ಆಗ ಎಲ್ಲಿಂದಲೋ ಓಡಿಬಂದ ಗಂಡಸರು ಒಂದೊಂದು ಕಂಬವನ್ನು ತಬ್ಬಿ ಹಿಡಿದು ನಿಂತರು. ಕೆಲವರ ತಲೆಯ ಮೇಲೆ ಹಾಳೆಟೊಪ್ಪಿ, ಕೆಲವರಿಗೆ ಕಂಬಳಿಯ ಕೊಪ್ಪೆ, ಮಿಕ್ಕವರಿಗೆ ಏನೂ ಇಲ್ಲ. ಸೋಗೆಯ ಸಂದಿಯಿಂದ ಕಸ ಬೆರೆತ ನೀರು ಅವರ ಮುಖದ ಮೇಲೆ ಇಳಿಯುತ್ತಿತ್ತು. ಅವರು ಹಾಗೆ ಹಿಡಿದುಕೊಂಡಿದ್ದ ಅರ್ಧ ಗಂಟೆಯಲ್ಲಿ ಮುದುಕರು, ಮಕ್ಕಳು, ಬೀಗರು, ಮದುಮಕ್ಕಳು ಎಲ್ಲರೂ ಜಗುಲಿಗೂ ನೆರೆಮನೆಗಳಿಗೂ ಸೇರಿಕೊಂಡರು. ಯಾರಿಗೂ ಪೆಟ್ಟಾಗಲಿಲ್ಲ. ಉಳಿದ ಊಟ ಐದೂ ಮನೆಗಳ ಜಗುಲಿಗಳ ಮೇಲೆ ನಡೆಯಿತು.

ಈ ಘಟನೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ‘ಸಹಕಾರ’ ಎಂಬ ಪದದ ಅರ್ಥ ವಿವರಿಸಲು, ‘ಹಿಂದಿನ ಕಾಲದ ಮದುವೆ ಊರಿನ ಮದುವೆಯಾಗಿತ್ತು, ಈಗಿನದು ಹಣದ ಮದುವೆ’ ಎಂದು ಬುದ್ಧಿವಾದ ಹೇಳಲು ಇದೇ ನನ್ನ ನೆಚ್ಚಿನ ಉದಾಹರಣೆ. ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠವಾಗಿರಲೂಬಹುದು.

ಕಿರ್ದಿಯ ಕೊನೆಯ ಪುಟಗಳನ್ನು ಓದಿದಾಗ ಆ ಉದಾಹರಣೆಯನ್ನು ತಿದ್ದಿಕೊಳ್ಳಬೇಕಾಯಿತು. ಅಲ್ಲಿ ‘ಮುಯ್ಯಿ’ ಎಂಬ ಶೀರ್ಷಿಕೆಯಿದೆ. ಮುಯ್ಯಿ ಎಂದರೆ ಕೊಟ್ಟದ್ದಕ್ಕೆ ಮರಳಿ ಕೊಡಬೇಕಾದದ್ದು. ಮುಯ್ಯಾಳು ಎಂದರೆ ನಿಮ್ಮ ಕೆಲಸಕ್ಕೆ ನಾನು, ನನ್ನ ಕೆಲಸಕ್ಕೆ ನೀವು. ಆ ಶೀರ್ಷಿಕೆಯ ಕೆಳಗೆ ನೆರೆಹೊರೆಯ, ನೆಂಟರ ಮನೆಗಳ ಹೆಸರುಗಳು: ಇಂಥವರಿಂದ ಸೋಗೆ 12 ಹೊರೆ, ಇಂಥವರಿಂದ ಬಾಳೆಲೆ 200, ಇಂಥವರಿಂದ ಹಾಲು, ಮಜ್ಜಿಗೆ, ಹಂಡೆ, ಜಮಖಾನೆ. ಪ್ರತಿ ಹೆಸರಿನ ಎದುರಿಗೆ, ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ಶಾಯಿಯಲ್ಲಿ, ‘ಸಂದಿತು’ ಎಂಬ ಗುರುತು. ಹತ್ತು ವರ್ಷ ಕಳೆದರೂ ಅಪ್ಪಯ್ಯ ಒಂದು ಹೊರೆ ಸೋಗೆಯ ಋಣವನ್ನೂ ಮರೆತಿಲ್ಲ. ಓದುತ್ತ ನನ್ನ ಎದೆ ಉಬ್ಬಿತು.

ಮುಂದಿನ ಪುಟದಲ್ಲಿ ಮಳೆಯ ದಿನದ ಬರಹ ಒಂದೇ ಸಾಲು: ‘ಚಪ್ಪರ ಹಿಡಿದ ಆಳು 11, ಊಟ, ಎಲೆಯಡಿಕೆ.’

ಹೆಸರಿಲ್ಲ. ಎದುರಿಗೆ ‘ಸಂದಿತು’ ಎಂಬ ಗುರುತೂ ಇಲ್ಲ. ಏಕೆಂದರೆ ಅದು ಮುಯ್ಯಿಯ ಲೆಕ್ಕವೇ ಅಲ್ಲ. ಅವರು ನಮ್ಮ ಗದ್ದೆಯ ಗೇಣಿದಾರರು, ತೋಟದ ಆಳುಗಳು. ಒಡೆಯನ ಮನೆಯ ಮದುವೆಗೆ ಅವರು ಬರಲೇಬೇಕು, ಸೋಗೆ ಹೊರಲೇಬೇಕು. ಅವರ ಮನೆಯ ಮದುವೆಗೆ ಒಡೆಯ ಚಪ್ಪರ ಕಟ್ಟಲು ಹೋಗುವ ಪದ್ಧತಿ ಇರಲಿಲ್ಲ. ಪರಸ್ಪರ ಮರಳಿಸುವವರ ನಡುವೆ ಮಾತ್ರ ಮುಯ್ಯಿ. ನನ್ನ ‘ಊರಿನ ಮದುವೆ’ಯಲ್ಲಿ ಊರಿನ ಅರ್ಧ ಭಾಗ ಲೆಕ್ಕದ ಹೊರಗಿತ್ತು.

ನನಗೆ ನಾಚಿಕೆಯಾದದ್ದು ಅಪ್ಪಯ್ಯನ ವಿಷಯಕ್ಕಲ್ಲ. ಅವರು ತಮ್ಮ ಕಾಲದ ರೂಢಿಯಂತೆ ಬರೆದರು. ನಾಚಿಕೆಯಾದದ್ದು ನನ್ನ ವಿಷಯಕ್ಕೆ. ನಮ್ಮ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು, ಗೇಣಿ ಅಳೆಯುವ ಕೊಳಗದ ಗಾತ್ರವೇ ಅಲ್ಲಿ ಜಗಳದ ಮೂಲವಾಗಿತ್ತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು ಎಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು ಎಂದು ದಿನಾಂಕಸಹಿತ ಬರೆಸಿದವನೂ ನಾನೇ. ಆ ಪಾಠವೊಂದು, ನನ್ನ ಅಕ್ಕನ ಮದುವೆಯ ಕಥೆಯೊಂದು ಎಂಬಂತೆ ಎರಡನ್ನೂ ಬೇರೆ ಬೇರೆ ಗಂಟೆಗಳಲ್ಲಿ ಹೇಳಿದೆ. ಎರಡೂ ಒಂದೇ ಅಂಗಳದ ಕಥೆಯೆಂದು ಹೊಳೆಯಲಿಲ್ಲ.

ಹಾಗೆ ನೋಡಿದರೆ ಮನೆಯಂಗಳದ ಮದುವೆ ನಿಂತುಹೋದದ್ದಕ್ಕೆ ನಾವು ಸಾಮಾನ್ಯವಾಗಿ ಹೇಳುವ ಕಾರಣಗಳು ಅಪೂರ್ಣ. ಕೂಡುಕುಟುಂಬ ಒಡೆಯಿತು, ಮಕ್ಕಳು ಪೇಟೆ ಸೇರಿದರು, ಬಸ್ಸು ಬಂದಿತು, ಅಡುಗೆಯ ಗುತ್ತಿಗೆದಾರರು ಬಂದರು ಎನ್ನುತ್ತೇವೆ, ಇವೆಲ್ಲ ನಿಜ. ಆದರೆ ನಮ್ಮ ಊರಿನ ಮಟ್ಟಿಗೆ ಇನ್ನೊಂದು ಕಾರಣವಿದೆ. ‘ನಮೂನೆ 7’ ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಉಳುವ ನೆಲವನ್ನು ಪಡೆದ ರೈತ ಒಡೆಯನ ಚಪ್ಪರಕ್ಕೆ ಕಂಬ ಹೊರಲು ಏಕೆ ಬರಬೇಕು? ಬಿಟ್ಟಿಯ ಭುಜಗಳು ಸರಿದುಹೋದ ಮೇಲೆ ಚಪ್ಪರ ನಿಲ್ಲಲಿಲ್ಲ. ಕಲ್ಯಾಣ ಮಂಟಪದಲ್ಲಿ ಹಣ ಕೊಟ್ಟವರಿಗೆಲ್ಲ ಒಂದೇ ಸೂರು. ಅಲ್ಲಿ ಯಾರ ಮಗಳ ಮದುವೆಯಾದರೂ ಮಳೆಗೆ ನೆನೆಯುವುದಿಲ್ಲ. ಮಂಟಪಗಳನ್ನು ಇಷ್ಟು ವರ್ಷ ಹಳಿದ ನಾನು ಈ ಒಂದು ನ್ಯಾಯವನ್ನಾದರೂ ಅವಕ್ಕೆ ಸಲ್ಲಿಸಬೇಕು. 2020ರಲ್ಲಿ ಕೊರೊನಾ ಕಾಲದ ನಿಯಮ ಮದುವೆಗೆ 50 ಜನರ ಮಿತಿ ಹಾಕಿದಾಗ ಅನೇಕ ಮದುವೆಗಳು ಮತ್ತೆ ಮನೆಯಂಗಳಕ್ಕೆ ಬಂದವು. ನಮ್ಮ ಹುಡುಗಿಗೆ ಆಸೆ ಹುಟ್ಟಿದ್ದೂ ಅಂಥದೊಂದು ಗೆಳತಿಯ ಮದುವೆಯನ್ನು ನೋಡಿಯೇ ಅಂತೆ.

ಇರಲಿ, 2025ಕ್ಕೆ ಬರೋಣ. ಮುಹೂರ್ತ ನಿಶ್ಚಯವಾದದ್ದು ಮೇ 23, ಶುಕ್ರವಾರ. ಕೃತ್ತಿಕೆಯ ಕೊನೆಯ ಪಾದ. ಮಲ್ಲಿಗೆ ಸವರಲು ಸಂಕ್ರಾಂತಿಯೇ ಕಡೆಯ ಗಡುವು ಎಂಬುದು ಅಮ್ಮನ ಲೆಕ್ಕ. ಮಾರನೆಯ ದಿನವೇ ಕತ್ತರಿ ಹಿಡಿದೆ. ಬಾಳೆಗೆ ಸಮಯ ಮೀರಿತ್ತು. ಎಲೆಯನ್ನು ಕೊಂಡೇ ತರಬೇಕಾಯಿತು. ಯುಗಾದಿ ಕಳೆದೊಡನೆ ಅಂಗಳದ ಸುತ್ತಲಿನ ಬಸಿಗಾಲುವೆಗಳನ್ನು ತೋಡಿಸಿದೆವು. ಸಾಮಾನ್ಯವಾಗಿ ಇದು ಮೃಗಶಿರೆಗೆ ಮುನ್ನ ಮಾಡುವ ಕೆಲಸ. ಎರಡು ತಿಂಗಳು ಮೊದಲೇ ಮಾಡಿಸಿದ್ದಕ್ಕೆ ನಕ್ಕವರೂ ಇದ್ದರು.

ಚಪ್ಪರದ ಕೆಲಸಕ್ಕೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಶಾಮಿಯಾನ, ತಗಡಿನ ಚಪ್ಪರಗಳ ವ್ಯವಹಾರ ನಡೆಸುತ್ತಾನೆ. ನಾನು ಕಿರ್ದಿ ಪುಸ್ತಕ ತೋರಿಸಿ, ಎಲ್ಲವೂ ಸೋಗೆಯದೇ ಆಗಬೇಕೆಂದೆ. ಅವನು ಅಂಗಳವನ್ನೂ ಆಕಾಶವನ್ನೂ ನೋಡಿದ. “ಸಾರ್, ಸೋಗೆ ನೆರಳಿಗೆ ಸೈ, ಮಳೆಗಲ್ಲ. ಮೇಲೆ ಎರಡೂ ಕಡೆ ಇಳಿಜಾರಾಗಿ ಶೀಟು ಹಾಕನ, ಒಳಗಿಂದ ಸೋಗೆ ಕಟ್ಟನ. ಕೂತವ್ರಿಗೆ ಸೋಗೆ ಕಾಣ್ತದೆ, ಮಳೆಗೆ ಶೀಟು ಕಾಣ್ತದೆ” ಎಂದ. ಗುರುವಿಗಿಂತ ಶಿಷ್ಯ ತಿಳಿದವನೆಂದು ಒಪ್ಪಿಕೊಂಡೆ.

ಮೇ ನಡುವಿನವರೆಗೆ ಮಳೆ ಹಿರಿಯರು ಹೇಳಿದ ಕ್ರಮದಲ್ಲಿಯೇ ಇತ್ತು: ಮಧ್ಯಾಹ್ನದ ಗುಡುಗು, ಸಂಜೆಯ ಸುರಿತ, ಬೆಳಗಿಗೆ ಬಿಸಿಲು. ಅನಂತರ ಕ್ರಮ ತಪ್ಪಿತು. ಅರಬ್ಬೀ ಸಮುದ್ರದಲ್ಲಿ ಕರ್ನಾಟಕ, ಕೊಂಕಣಗಳ ಕರಾವಳಿಯಾಚೆ ವಾಯುಭಾರ ಕುಸಿಯಿತು. ದೂರವಾಣಿಯಲ್ಲಿ ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆಗಳು ಬರತೊಡಗಿದವು. ಮಳೆ ಮೂಡಣದಿಂದಲ್ಲ, ಪಡುವಣದಿಂದ; ಮೂರು ಗಂಟೆಗಲ್ಲ, ಹಗಲಿರುಳೂ. ಆ ವರ್ಷ ಮುಂಗಾರು ಕೇರಳವನ್ನೂ ಕರ್ನಾಟಕದ ಕೆಲವು ಭಾಗಗಳನ್ನೂ ಮೇ 24ರಂದೇ ಮುಟ್ಟಿತು. 2009ರ ಅನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ನಮ್ಮ ಮುಹೂರ್ತ ಅದರ ಹಿಂದಿನ ದಿನ!

ಬಡಿದ ಅಂಗಳ ಒಣಗಲೇ ಇಲ್ಲ. ಸಾರಿಸುವ ಮಾತಂತೂ ದೂರ. ಅಡಿಕೆ ಸಿಪ್ಪೆಯನ್ನು ದಪ್ಪವಾಗಿ ಹರಡಿ, ಅದರ ಮೇಲೆ ಹಲಗೆ ಹಾಸಿದೆವು. ಮಲ್ಲಿಗೆಯ ಮೊಗ್ಗುಗಳು ನೀರು ಕುಡಿದು ಕಂದಿದವು. ಸಿಕ್ಕಿದ್ದು ಮದುಮಗಳ ಮುಡಿಗೆ ಒಂದು ಮೊಳ ಮಾತ್ರ. “ಪೇಟೆಯಲ್ಲಿ ಯಾವುದಾದರೂ ಮಂಟಪ ಖಾಲಿಯಿದೆಯೇ ನೋಡಿ” ಎಂದು ತಮ್ಮ ಎರಡು ಸಲ ಹೇಳಿದ. ಹಿಂದಿನ ರಾತ್ರಿ ಗಾಳಿಯೂ ಎದ್ದಾಗ ನನಗೂ ಧೈರ್ಯ ಕುಸಿಯಿತು. 1968ರ ವಾಲಿದ ಕಂಬಗಳು ಕಣ್ಣೆದುರಿಗೆ ಬಂದವು.

ಹತ್ತು ಗಂಟೆಗೆ ನನ್ನ ಶಿಷ್ಯ ನಾಲ್ವರೊಂದಿಗೆ ಬಂದ. ಯಾರೂ ಕರೆದಿರಲಿಲ್ಲ. ಪಡುವಣದ ಬದಿಗೆ ಇಳಿಬಿಟ್ಟಿದ್ದ ತಾಡಪಾಲನ್ನು ಬಿಚ್ಚಿ ಗಾಳಿಗೆ ದಾರಿ ಮಾಡಿಕೊಟ್ಟ. ಅದೇ ಹಾಯಿಯಂತೆ ಗಾಳಿ ತುಂಬಿಕೊಂಡು ಕಂಬಗಳನ್ನು ಎಳೆಯುತ್ತಿತ್ತಂತೆ. ಪ್ರತಿ ಕಂಬಕ್ಕೂ ಹಗ್ಗ ಬಿಗಿದು ಗೂಟಗಳಿಗೆ ಕಟ್ಟಿದರು. ತುಂಬಿ ಬಂದ ಬಸಿಗಾಲುವೆಯ ಕಸವನ್ನು ರಾತ್ರಿಯಿಡೀ ಎಳೆದು ಹಾಕುತ್ತಿದ್ದರು. ಯುಗಾದಿಯಲ್ಲಿ ಅದನ್ನು ತೋಡಿಸಿರದಿದ್ದರೆ ಅಂಗಳ ಕೆರೆಯಾಗುತ್ತಿತ್ತು.

ಅಕ್ಕನಿಗೆ ಈಗ ಎಪ್ಪತ್ತಾರು. ಅವಳಿಗೂ ನಿದ್ದೆ ಬರಲಿಲ್ಲ. ಜಗುಲಿಯಲ್ಲಿ ಶಾಲು ಹೊದ್ದು ಕುಳಿತು ಆ ಹುಡುಗರನ್ನೇ ನೋಡುತ್ತಿದ್ದಳು. ನಾನು ಕಿರ್ದಿಯ ಆ ಒಂದು ಸಾಲನ್ನು ಅವಳಿಗೆ ಓದಿ ಹೇಳಿದೆ. “ಹೆಸರು ಬರ್ದೇ ಇಲ್ವನೋ?” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆರಳು ಮಡಿಸುತ್ತ ಒಂದೊಂದೇ ಹೆಸರು ಹೇಳತೊಡಗಿದಳು. ನಾವೆಲ್ಲ ಆ ದಿನ ಮಳೆಯಿಂದ ತಪ್ಪಿಸಿಕೊಳ್ಳಲು ಓಡುತ್ತಿದ್ದಾಗ, ಬಾಸಿಂಗ ಕಟ್ಟಿಕೊಂಡು ಜಗುಲಿಯ ಮೂಲೆಯಲ್ಲಿ ನಿಂತ ಮದುಮಗಳು ಕಂಬ ಹಿಡಿದವರ ಮುಖಗಳನ್ನು ನೋಡಿದ್ದಳು; ಐವತ್ತೇಳು ವರ್ಷ ನೆನಪಿಟ್ಟುಕೊಂಡಿದ್ದಳು. ಹನ್ನೊಂದರಲ್ಲಿ ಏಳು ಹೆಸರುಗಳು ಸಿಕ್ಕವು. ನಾಲ್ಕು ಅವಳಿಗೂ ತಿಳಿಯದು. ಹೇಳಬಲ್ಲವರು ಯಾರೂ ಉಳಿದಿಲ್ಲ. ಏಳರಲ್ಲಿ ಒಂದು, ಅಂಗಳದಲ್ಲಿ ಹಗ್ಗ ಬಿಗಿಯುತ್ತಿದ್ದ ನನ್ನ ಶಿಷ್ಯನ ಅಜ್ಜನದು. ಅವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆ ಇರುವುದರಿಂದ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ. ಕಿರ್ದಿಯಲ್ಲಿ, ಅಪ್ಪಯ್ಯನ ಸಾಲಿನ ಕೆಳಗೆ, ಬರೆದಿದ್ದೇನೆ.

ಬೆಳಗ್ಗೆ ಮಳೆ ನಿಲ್ಲಲಿಲ್ಲ. ಶೀಟಿನ ಮೇಲೆ ಅದರ ಸದ್ದಿನಲ್ಲಿ ಪುರೋಹಿತರ ಮಂತ್ರ ಮುಂದಿನ ಸಾಲಿನವರಿಗೂ ಕೇಳಿಸಲಿಲ್ಲ. ಆದರೆ ಧಾರೆಯ ನೀರಿನ ಹೊರತು ಬೇರೆ ನೀರು ಮದುಮಕ್ಕಳ ಮೇಲೆ ಬೀಳಲಿಲ್ಲ. ಬಂದವರೆಲ್ಲ ಕಾಲಿಗೆ ಕೆಸರು ಮೆತ್ತಿಕೊಂಡು, ಬಿಸಿಬಿಸಿ ಊಟ ಮಾಡಿ ಹೋದರು.

ಸಂಜೆ ತಮ್ಮ ಲೆಕ್ಕ ಮುಗಿಸಿ, ರಾತ್ರಿಯ ಕೆಲಸಕ್ಕೆಂದು ಬೇರೆ ಹಣ ಕೊಡಲು ಹೋದ. ನನ್ನ ಶಿಷ್ಯ ಚಪ್ಪರದ ಬಾಡಿಗೆಯನ್ನು ಎಣಿಸಿ ತೆಗೆದುಕೊಂಡ; ಹೆಚ್ಚಿನದನ್ನು ಮುಟ್ಟಲಿಲ್ಲ. “ಅದನ್ನ ಮುಯ್ಯಿಗೆ ಬರ್ಕಳಿ ಸಾರ್. ನಮ್ಮನೇಲೂ ಮಗಳಿದಾಳೆ” ಎಂದು ನಗುತ್ತ ಹೇಳಿದ. ಅವನು ಸಹಜವಾಗಿ ಆಡಿದ ಮಾತು. ಕಿರ್ದಿಯ ಆ ಪುಟವನ್ನು ಅವನಿಗೆ ತೋರಿಸಿದ್ದೆನೇ ಎಂದು ಕೇಳಬೇಡಿ, ಆಗಿನ್ನೂ ತೋರಿಸಿರಲಿಲ್ಲ. ಅನಂತರ ತೋರಿಸಿದೆ. ಅಜ್ಜನ ಹೆಸರನ್ನು ಎರಡು ಸಲ ಓದಿ, ಪುಸ್ತಕ ಮಡಿಸಿ ಕೈಗೆ ಕೊಟ್ಟ.

ಅದೇ ಪುಸ್ತಕದ ಖಾಲಿ ಹಾಳೆಯಲ್ಲಿ ‘ವಿಶ್ವಾವಸು ಸಂವತ್ಸರದ ವೈಶಾಖ, ಮುಯ್ಯಿ’ ಎಂದು ಬರೆದು ಐವರ ಹೆಸರುಗಳನ್ನು ದಾಖಲಿಸಿದ್ದೇನೆ. ಎದುರಿನ ಜಾಗ ಖಾಲಿಯಿದೆ. ಅವನ ಮಗಳು ಇನ್ನೂ ಓದುತ್ತಿದ್ದಾಳೆ. ಅವಳ ಮದುವೆ ಗೊತ್ತಾದ ದಿನ ನಾನು ಹೋಗಬೇಕು. ಈ ವಯಸ್ಸಿನಲ್ಲಿ ಕಂಬ ಹೊರಲಾರೆ, ಆದರೆ ಮಲ್ಲಿಗೆ ಸವರಬಲ್ಲೆ, ಬಸಿಗಾಲುವೆಯ ಕಸ ತೆಗೆಯಬಲ್ಲೆ.

ನಿಮ್ಮ ಮನೆಗಳ ಅಟ್ಟದಲ್ಲಿಯೂ ಇಂಥ ಪುಸ್ತಕಗಳಿರಬಹುದು. ಹುಡುಕಿ ನೋಡಿ. ಈ ಸಲ ಹಾಗೆಂದು ಹೇಳಿ ಮುಂದಿನ ಪಾಠಕ್ಕೆ ಹೋಗುವುದಿಲ್ಲ. ಹೆಸರುಗಳಿರುವ ಪುಟಗಳನ್ನಷ್ಟೇ ಓದಬೇಡಿ. ‘ಆಳು ಇಷ್ಟು’ ಎಂದು ಬರೆದ ಸಾಲು ಕಂಡರೆ ಅಲ್ಲಿ ನಿಲ್ಲಿ. ಮನೆಯಲ್ಲಿ ಹಿರಿಯರಿದ್ದರೆ ಇಂದೇ ಕೇಳಿ ಬರೆದಿಟ್ಟುಕೊಳ್ಳಿ.